ಗುಂಡಿಯಮ್ಮನ ಪಾರಿವಾಳ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೆಟ್ಟಗೆ ಹೋಗಲಿ ಎಂದು ಕೆಳಗೆ ದಪ್ಪ ಗೆರೆ ಎಳೆದ ಹಾಳೆ ಇಟ್ಟುಕೊಂಡೇ ಬರೆದಿದ್ದೇನೆ. ಆದರೂ ಪುಟದ ಕೊನೆಗೆ ಬರುವಷ್ಟರಲ್ಲಿ ಅಕ್ಷರಗಳೆಲ್ಲ ಸುಸ್ತಾದವರ ಹಾಗೆ ಒಂದಕ್ಕೊಂದು ಒರಗಿಕೊಳ್ಳುತ್ತವೆ. ಅಚ್ಚು ಹಾಕುವವರಿಗೆ ಎಲ್ಲಾದರೂ ಓದಲಾಗದಿದ್ದರೆ ಊಹಿಸಿ ಹಾಕಬೇಡಿ, ಹೇಳಿಕಳಿಸಿ, ಮತ್ತೆ ಬರೆದುಕೊಡುತ್ತೇನೆ. ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು. ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಕೂತುಬಿಡುತ್ತಿತ್ತು.

ಈ ಗಂಡುಮಕ್ಕಳ ಶಾಲೆಗೆ ನೂರು ವರ್ಷ ತುಂಬಿದ ಸಂಚಿಕೆಯಲ್ಲಿ ನಾನು ಬರೆಯುವುದೇ ಒಂದು ವಿಚಿತ್ರ. ಬರೆಯಲು ಹೇಳಿದವರು ಹಳೇ ಫಾದರ್. ಅವರು ಲ್ಯಾಟಿನ್ ಕಲಿಸುತ್ತಿದ್ದವರು, ಈಗ ನಿವೃತ್ತರಾಗಿ ಚಾಪೆಲ್ ಹಿಂದಿನ ಕೋಣೆಯಲ್ಲಿದ್ದಾರೆ. "ಪ್ರಿನ್ಸಿಪಾಲರ ಬಗ್ಗೆ ಬರೆಯೋಕೆ ಜನ ಕ್ಯೂ ನಿಂತಿದಾರೆ. ಗುಂಡಿ ಹೊಲಿದೋರ ಬಗ್ಗೆ ಬರೆಯೋಕೆ ಯಾರಿದಾರೆ? ನೀನೇ ಬರಿ" ಎಂದರು. ಆಗಲ್ಲ ಎಂದೆ. ಅವರಿಗೆ ಕಿವಿ ಸರಿಯಾಗಿ ಕೇಳಿಸದು. "ಸಂತೋಷ" ಎಂದು ಹೊರಟುಹೋದರು.

ಗುಂಡಿ ಹೊಲಿದವಳು ನನ್ನ ದೊಡ್ಡಮ್ಮ, ನಮ್ಮಮ್ಮನ ಅಕ್ಕ. ಶಾಲೆಯಲ್ಲಿ ಎಲ್ಲರೂ ಅವಳನ್ನು ಗುಂಡಿಯಮ್ಮ ಎನ್ನುತ್ತಾರೆ. ಮರ್ಯಾದೆಯಾಗಿರಲಿ ಎಂದು ನಾನು ಮೊದಲು "ಬಂದರು, ಹೋದರು" ಎಂದೇ ಬರೆದು ಅವಳಿಗೆ ಓದಿ ಹೇಳಿದೆ. "ಯಾರೇ ಇವರು? ಪಾಪ, ತುಂಬಾ ದೊಡ್ಡ ಮನುಷ್ಯರ ಹಾಗಿದೆ" ಎಂದಳು. ಅದಕ್ಕೆ ಎಲ್ಲ ಅಳಿಸಿ, ಮನೆಯಲ್ಲಿ ಕರೆಯುವ ಹಾಗೆಯೇ ಬರೆದಿದ್ದೇನೆ.

ನಾನು ಶಾಲೆ ಬಿಟ್ಟಾಗ ಅಮ್ಮ ನನ್ನನ್ನು ದೊಡ್ಡಮ್ಮನ ಮನೆಗೆ ಕಳಿಸಿದಳು. "ಅಲ್ಲಿರು. ಹೊಲಿಗೆ ಕಲಿ. ಅಲ್ಲಿ ನಿನ್ನ ಯಾರೂ ಪ್ರಶ್ನೆ ಕೇಳಲ್ಲ" ಎಂದಳು. ಅಮ್ಮನಿಗೆ ತನ್ನ ಅಕ್ಕನ ವಿಷಯ ಮರೆತುಹೋಗಿತ್ತೇನೋ. ದೊಡ್ಡಮ್ಮ ಪ್ರಶ್ನೆ ಕೇಳುವುದನ್ನು ನಿಲ್ಲಿಸುವುದು ಬಾಯಲ್ಲಿ ದಾರ ಕಚ್ಚಿಕೊಂಡಾಗ ಮಾತ್ರ.

ಶಾಲೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಶಾಲೆಯ ಹೆಸರಿನಲ್ಲಿ 'ಗ್ರಾಮರ್ ಸ್ಕೂಲ್' ಎಂದು ಏಕಿದೆ ಎಂದು ಹಳೇ ಫಾದರನ್ನು ಕೇಳಿದ್ದೆ. ಮೊದಲ ಕಾಲದಲ್ಲಿ ಇಲ್ಲಿ ಲ್ಯಾಟಿನ್ ವ್ಯಾಕರಣ ಬಿಟ್ಟು ಬೇರೇನನ್ನೂ ಕಲಿಸುತ್ತಿರಲಿಲ್ಲವಂತೆ.

"ಹಾಗಾದ್ರೆ ಹುಡುಗರು ಬೇರೆ ಏನೂ ಕಲೀತಿರಲಿಲ್ವಾ ಫಾದರ್?"

"ಲ್ಯಾಟಿನ್ನೂ ಕಲೀತಿರಲಿಲ್ಲ" ಎಂದರು.

ಶಾಲೆ ಶುರುವಾದದ್ದು ಕುದುರೆ ಕಟ್ಟುತ್ತಿದ್ದ ಒಂದು ಲಾಯದಲ್ಲಿ. ಸ್ಥಾಪಿಸಿದ ಫಾದರ್ ತುಂಬಾ ಕಟ್ಟುನಿಟ್ಟು, ಆದರೆ ಅವರ ನಿಯಮಗಳು ಬೇರೆ ಥರದವು. ಹರಿದ ಬಟ್ಟೆಯಲ್ಲಿ ಯಾವ ಹುಡುಗನೂ ತರಗತಿಗೆ ಕಾಲಿಡಬಾರದು ಎಂದಿದ್ದರು. ಹಾಗಂತ ಮನೆಗೂ ಕಳಿಸಬಾರದು, ಏಕೆಂದರೆ ಮನೆಗೆ ಹೋದವನು ವಾಪಸ್ ಬರುವ ಭರವಸೆ ಇಲ್ಲ. ಅಲ್ಲೇ ಹೊಲಿಸಿ ಒಳಗೆ ಕಳಿಸಬೇಕು. ಅದಕ್ಕಾಗಿಯೇ ಲ್ಯಾಟಿನ್ ಪುಸ್ತಕ ಇಡಲು ಕಪಾಟು ಬರುವುದಕ್ಕೂ ಮುಂಚೆ ಶಾಲೆಗೆ ಹೊಲಿಗೆ ಕೋಣೆ ಬಂತು. ಅವರು ಹೇಳಿದ ಇನ್ನೊಂದು ಮಾತು, ಒಬ್ಬರ ಕುಂದನ್ನು ಅವರ ಮುಖದ ಮೇಲೆ ಆಡಬಾರದು ಎಂಬುದು. ಈ ಎರಡನೆಯ ನಿಯಮವನ್ನು ನೂರು ವರ್ಷ ಎಲ್ಲರೂ ತುಂಬಾ ಚೆನ್ನಾಗಿ ಪಾಲಿಸಿದ್ದರಿಂದಲೇ ನಮ್ಮ ಮನೆಗೆ ಕಷ್ಟ ಬಂತು. ಅದನ್ನು ಮುಂದೆ ಬರೆಯುತ್ತೇನೆ.

ಹೊಲಿಗೆ ಕೋಣೆ ಮೆಟ್ಟಿಲ ಕೆಳಗಿದೆ. ಸೂರು ಇಳಿಜಾರು, ಒಂದು ಕಡೆ ನಿಂತರೆ ಸರಿ, ಇನ್ನೊಂದು ಕಡೆ ನಿಂತರೆ ತಲೆ ತಟ್ಟುತ್ತದೆ. ಕಾಲಲ್ಲಿ ತುಳಿಯುವ ಮಿಷನ್, ಬಿಸ್ಕತ್ತಿನ ಡಬ್ಬಿಗಳ ತುಂಬ ಗುಂಡಿ, ಅಂಗಳಕ್ಕೆ ತೆರೆಯುವ ಒಂದು ಕಿಟಕಿ. ಕಿಟಕಿಯ ಹತ್ತಿರ ಒಂದು ಕುರ್ಚಿ, ಕುರ್ಚಿಯ ಮೇಲೆ ಹಳೆಯ ನಾಟಕದ ಪರದೆ. ಕೆಂಪು ಮಖಮಲ್ಲಿನದು, ಅಂಚಿನಲ್ಲಿ ಜರಿಯ ಗೊಂಡೆಗಳಿವೆ. ಚಡ್ಡಿ ಹರಿದ ಹುಡುಗ ಚಡ್ಡಿ ಬಿಚ್ಚಿಕೊಟ್ಟು, ಈ ಪರದೆ ಸುತ್ತಿಕೊಂಡು, ದೊಡ್ಡಮ್ಮ ಹೊಲಿದು ಮುಗಿಸುವವರೆಗೆ ರಾಜನ ಹಾಗೆ ಕೂತಿರಬೇಕು.

ಆದರೆ ರಾಜನಿಗೆ ಇಲ್ಲಿ ವಿಚಾರಣೆ ನಡೆಯುತ್ತದೆ.

"ಮೊಣಕಾಲು ಹರಿದಿದ್ರೆ ಬಿದ್ದೆ ಅಂತ ನಂಬ್ತೀನಿ. ಇದು ಹಿಂದ್ಗಡೆ ಹರಿದಿದೆ. ಯಾವ ಗೋಡೆ?"

"ಗೋಡೆ ಅಲ್ಲ ಗುಂಡಿಯಮ್ಮ, ಬೆಂಚಿನ ಮೊಳೆ."

"ಬೆಂಚಿನ ಮೊಳೆಗೆ ಪಾಚಿ ಬೆಳೆಯುತ್ತೇನೋ?"

"...ಚಾಪೆಲ್ ಹಿಂದಿನ ಗೋಡೆ."

"ಹಾಗೆ ಬಾ ದಾರಿಗೆ. ಪರದೇಲಿ ಕೂತು ಸುಳ್ಳು ಹೇಳಿದ್ರೆ ಹೊಲಿಗೆ ನಿಲ್ಲಲ್ಲ."

ಪರದೆಯಲ್ಲಿ ಕೂತ ಮೇಲೆ ಎಲ್ಲರೂ ಹುಡುಗರೇ ಎಂದು ದೊಡ್ಡಮ್ಮನ ವಾದ. ಊರಿನ ದೊಡ್ಡ ಡಾಕ್ಟರು ಒಮ್ಮೆ ಅವಳಿಗೆ ಸಿಹಿ ತಿನ್ನಬೇಡಿ ಎಂದು ಗದರಿದಾಗ, "ನೀನು ಪರದೇಲಿ ಕೂತು ಅಳ್ತಾ ಇದ್ದೆ, ನೆನಪಿದೆಯಾ?" ಎಂದಳು. ಕ್ಲಿನಿಕ್ಕಿನಲ್ಲಿ ರೋಗಿಗಳು ತುಂಬಿದ್ದರು. ಡಾಕ್ಟರು ಸಿಹಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಗುಂಡಿ, ತೇಪೆ ದಿನದ ಕೆಲಸ. ಅವಳ ನಿಜವಾದ ಕೆಲಸ ಬ್ಯಾಡ್ಜ್. ಪ್ರತಿ ವರ್ಷ ಹೊಸದಾಗಿ ಸೇರುವ ಹುಡುಗರ ಕೋಟಿನ ಜೇಬಿನ ಮೇಲೆ ಶಾಲೆಯ ಲಾಂಛನ ಇರಬೇಕು. ಅದನ್ನು ಕೈಯಲ್ಲೇ ಕಸೂತಿ ಮಾಡುತ್ತಾಳೆ. ರಜೆಯಿಡೀ ಅದೇ ಕೆಲಸ. ಲಾಂಛನ ಗೇಟಿನ ಕಮಾನಿನ ಮೇಲೆ ಕಲ್ಲಿನಲ್ಲಿ, ಬ್ಯಾಡ್ಜಿನಷ್ಟೇ ಅಳತೆಗೆ ಕೆತ್ತಿದೆ. ಪವಿತ್ರಾತ್ಮನ ಪಾರಿವಾಳ ರೆಕ್ಕೆ ಬಿಚ್ಚಿ ಇಳಿದು ಬರುತ್ತಿದೆ. ಕೊಕ್ಕಿನಲ್ಲಿ ಆಲಿವ್ ಚಿಗುರು, ತಲೆಯ ಮೇಲೆ ಬೆಂಕಿಯ ನಾಲಿಗೆ. ಕೆಳಗೆ ಲ್ಯಾಟಿನ್‌ನಲ್ಲಿ, "ಎತ್ತರಕ್ಕೆ ಹಾರು" ಎಂದಿದೆ.

ದೊಡ್ಡಮ್ಮ ಕೆಲಸಕ್ಕೆ ಸೇರಿದಾಗ ಆ ಕಲ್ಲಿನ ಮೇಲೆ ಬಳ್ಳಿ ದಟ್ಟವಾಗಿ ಹಬ್ಬಿತ್ತು. ಅವಳಿಗಿಂತ ಮುಂಚೆ ಹೊಲಿಯುತ್ತಿದ್ದ ಸಿಸ್ಟರ್, "ಇದೇ ನೋಡು ಮಾದರಿ" ಎಂದು ಒಂದು ಬ್ಯಾಡ್ಜ್ ಕೈಗೆ ಕೊಟ್ಟು ಬೇರೆ ಊರಿಗೆ ಹೋದರು. ದೊಡ್ಡಮ್ಮ ಅದರ ಮೇಲೆ ತೆಳು ಕಾಗದ ಇಟ್ಟು ಅಂಚನ್ನು ಗುರುತು ಮಾಡಿದಳು. ಆ ಗೆರೆಯುದ್ದಕ್ಕೂ ಸೂಜಿಯಿಂದ ಸಣ್ಣ ತೂತು ಚುಚ್ಚಿ, ಕಾಗದವನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿ ಉಜ್ಜಿದಳು. ಬಟ್ಟೆಯ ಮೇಲೆ ಹಕ್ಕಿ ಚುಕ್ಕಿ ಚುಕ್ಕಿಯಾಗಿ ಮೂಡಿತು. ಆ ಚುಕ್ಕಿ ಕಾಣದ ಹಾಗೆ ಅವುಗಳ ಮೇಲೆ ದಾರ ತುಂಬಿದಳು. ಮುಂದಿನ ವರ್ಷಕ್ಕೆ ಹಿಂದಿನ ವರ್ಷದ ಬ್ಯಾಡ್ಜುಗಳಲ್ಲಿ ಚೆನ್ನಾಗಿ ಬಂದದ್ದನ್ನು ಮಾದರಿಗೆ ಎತ್ತಿಟ್ಟಳು. ಹೀಗೇ ಪ್ರತಿ ವರ್ಷ.

ಇದರಲ್ಲಿ ತಪ್ಪೇನೂ ಇಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಚುಕ್ಕಿ ಮುಚ್ಚಬೇಕಾದರೆ ದಾರ ಗೆರೆಯಿಂದ ಒಂದು ಎಳೆಯಷ್ಟು ಹೊರಗೆ ಹೋಗಲೇಬೇಕು. ಮುಂದಿನ ವರ್ಷ ಆ ಹೊರಗಿನ ಅಂಚೇ ಗೆರೆಯಾಗುತ್ತದೆ. ಹಾಗಾಗಿ ಹಕ್ಕಿ ವರ್ಷಕ್ಕೆ ಒಂದು ಎಳೆ ದಪ್ಪವಾಗುತ್ತ ಹೋಯಿತು. ರೆಕ್ಕೆ ಬೆಳೆಯಲು ಜಾಗವಿಲ್ಲದೆ ಮೈಗೆ ಅಂಟಿಕೊಂಡಿತು. ಹಸಿರು ದಾರ ಬಣ್ಣ ಬಿಟ್ಟು ಅಂಗಿಗಳು ಹಾಳಾದವು ಎಂದು ಒಂದು ವರ್ಷ ಚಿಗುರನ್ನು ಕಂದು ದಾರದಲ್ಲಿ ಹೊಲಿದಳು. ಅದು ಕೊಕ್ಕಿನಿಂದ ಸುರುಳಿ ಸುರುಳಿಯಾಗಿ ಇಳಿಯತೊಡಗಿತು. ಯಾರೋ ಒಬ್ಬ ಪ್ರಿನ್ಸಿಪಾಲ್, "ಹಕ್ಕಿಗೆ ಕಾಲಿಲ್ವಾ?" ಎಂದು ಕೇಳಿದರಂತೆ. ಮರುವರ್ಷ ಕಾಲು ಬಂತು. ತಲೆಯ ಮೇಲಿದ್ದ ಬೆಂಕಿಯ ನಾಲಿಗೆಯೂ ದಪ್ಪವಾಗುತ್ತ ಕೆಳಗಿಳಿದು, ಕಡೆಗೆ ತಲೆಗೇ ಅಂಟಿ ಕೂತಿತು.

ಸ್ಪಷ್ಟವಾಗಿ ಬರೆಯುವುದಾದರೆ, ಅದು ಹುಳ ಕಚ್ಚಿಕೊಂಡ ಕೋಳಿಯಾಗಿತ್ತು. ಕೆಳಗೆ "ಎತ್ತರಕ್ಕೆ ಹಾರು" ಎಂದಿತ್ತು.

ಇದು ಊರಿಗೆಲ್ಲ ಗೊತ್ತಿತ್ತು. ನದಿಯಾಚೆಯ ಶಾಲೆಯವರು ಫುಟ್ಬಾಲ್ ಆಡಲು ಬಂದಾಗಲೆಲ್ಲ ಕೈ ಬಡಿದುಕೊಂಡು "ಕೊಕ್ ಕೊಕ್ ಕೊಕ್ಕೋ" ಎಂದು ಕೂಗುತ್ತಿದ್ದರು. ನಮ್ಮ ಹುಡುಗರು ಮೊದಮೊದಲು ಹೊಡೆದಾಡಿದರು. ಆಮೇಲೆ ಯಾರೋ ಒಬ್ಬ ಜಾಣ ಗೋಲು ಹೊಡೆದು ತಾನೇ "ಕೊಕ್ಕೋ" ಎಂದು ಕೂಗಿದನಂತೆ. ಅಂದಿನಿಂದ ಅದೇ ನಮ್ಮ ಶಾಲೆಯ ಜಯಘೋಷವಾಯಿತು. ಹುಡುಗರು ತಮ್ಮನ್ನು ತಾವೇ ಕೋಳಿಗಳು ಎಂದು ಕರೆದುಕೊಂಡರು.

ಗೊತ್ತಿಲ್ಲದೇ ಇದ್ದವಳು ದೊಡ್ಡಮ್ಮ ಒಬ್ಬಳೇ. ಫಾದರ್‌ಗಳು ಹೇಳಲಿಲ್ಲ, ಮೇಷ್ಟ್ರುಗಳು ಹೇಳಲಿಲ್ಲ. ಒಬ್ಬರ ಕುಂದನ್ನು ಮುಖದ ಮೇಲೆ ಆಡಬಾರದಲ್ಲ. ಹುಡುಗರ ಕಟ್ಟುಪಾಡು ಇನ್ನೂ ಬಿಗಿ. ಗೆದ್ದು ಮೆರವಣಿಗೆಯಲ್ಲಿ ಬರುವಾಗ ನೀರಿನ ತೊಟ್ಟಿಯವರೆಗೆ ಕೊಕ್ಕೋ ಎನ್ನುತ್ತಿದ್ದವರು ಹೊಲಿಗೆ ಕೋಣೆಯ ಕಿಟಕಿ ಬಂದೊಡನೆ ಬಾಯಿ ಮುಚ್ಚುತ್ತಿದ್ದರು. ಕಿಟಕಿ ದಾಟಿದ ಮೇಲೆ ಮತ್ತೆ ಶುರು. "ಎಷ್ಟು ಒಳ್ಳೇ ಹುಡುಗರು ನೋಡು. ಚಾಪೆಲ್ ಹತ್ತಿರ ಬಂತು ಅಂತ ಸುಮ್ಮನಾಗ್ತಾರೆ" ಎಂದು ದೊಡ್ಡಮ್ಮ ನನಗೆ ಹೇಳುತ್ತಿದ್ದಳು. ಚಾಪೆಲ್ ಇರುವುದು ಆ ಕಡೆ ಅಲ್ಲ. ನಾನು ತಿದ್ದಲಿಲ್ಲ.

ಈ ವರ್ಷ ಹೊಸ ಪ್ರಿನ್ಸಿಪಾಲ್ ಬಂದರು. ನಾವು ಹೊಸ ಫಾದರ್ ಎನ್ನುತ್ತೇವೆ. ವಯಸ್ಸು ಚಿಕ್ಕದು, ನಡಿಗೆ ಬಿರುಸು, ಧೂಳು ಕಂಡರೆ ಆಗದು. ನೂರು ವರ್ಷದ ಸಂಭ್ರಮಕ್ಕೆಂದು ಗೇಟಿನ ಮೇಲಿನ ಬಳ್ಳಿ ಕೀಳಿಸಿ ಕಲ್ಲು ತೊಳೆಸಿದರು. ಅದೇ ಮಧ್ಯಾಹ್ನ ಹೊಲಿಗೆ ಕೋಣೆಗೆ ಬಂದರು. ದೊಡ್ಡಮ್ಮ ಮಿಷನ್ ತುಳಿಯುತ್ತಿದ್ದಳು, ನಾನು ಗುಂಡಿ ವಿಂಗಡಿಸುತ್ತಿದ್ದೆ. ಐದನೇ ತರಗತಿಯ ಒಬ್ಬ ಹುಡುಗ ಪರದೆ ಸುತ್ತಿಕೊಂಡು ಕೂತಿದ್ದ. ಹೊಸ ಫಾದರ್ ಅಂಗೈಯಲ್ಲಿ ಒಂದು ಬ್ಯಾಡ್ಜ್ ಇಟ್ಟುಕೊಂಡಿದ್ದರು.

"ಅಮ್ಮಾ, ಒಂದು ವಿಷಯ ಕೇಳ್ಬೇಕಿತ್ತು. ಈ ಕೋಳಿ..."

"ಫಾದರ್!" ಎಂದ ಹುಡುಗ.

"ಯಾವ ಕೋಳಿ?" ಎಂದಳು ದೊಡ್ಡಮ್ಮ.

"ಇದೇ, ಬ್ಯಾಡ್ಜ್ ಮೇಲಿರೋದು."

"ಅದು ಪಾರಿವಾಳ ಅಲ್ವಾ ಫಾದರ್."

"ಫಾದರ್, ಹೇಳ್ಬಾರ್ದು," ಹುಡುಗ ಪಿಸುಗುಟ್ಟಿದ. "ಯಾರೂ ಹೇಳಲ್ಲ."

ದೊಡ್ಡಮ್ಮ ಮಿಷನ್ ನಿಲ್ಲಿಸಿದಳು. "ಯಾರೂ ಏನು ಹೇಳಲ್ಲ?"

ಹುಡುಗ ಪರದೆಯನ್ನು ತಲೆಯ ಮೇಲೆ ಎಳೆದುಕೊಂಡ. ಗೊಂಡೆಗಳು ಮಾತ್ರ ಅಲುಗಾಡುತ್ತಿದ್ದವು.

ಎಲ್ಲರೂ ಗೇಟಿನ ಹತ್ತಿರ ಹೋದೆವು. ದೊಡ್ಡಮ್ಮ ಕತ್ತೆತ್ತಿ ಕಲ್ಲನ್ನು ತುಂಬಾ ಹೊತ್ತು ನೋಡಿದಳು. ತೆಳ್ಳಗಿನ ಹಕ್ಕಿ, ಉದ್ದ ರೆಕ್ಕೆ.

"ಪಾಪ, ತುಂಬಾ ಸೊರಗಿದೆ" ಎಂದಳು.

ಆಮೇಲೆ ತನ್ನ ಬ್ಯಾಡ್ಜನ್ನು ತೋಳು ಚಾಚಿ ಹಿಡಿದು ಅದನ್ನೂ ಇದನ್ನೂ ನೋಡಿದಳು. ನನ್ನ ಕಡೆ ತಿರುಗಿದಳು. "ಪುಟ್ಟೀ, ನೀನು ಹೇಳು. ಇದೇನು?"

ನನ್ನ ಗಂಟಲು ಕಟ್ಟುತ್ತದೆ ಎಂದುಕೊಂಡೆ. ಅಂದು ಕಟ್ಟಲಿಲ್ಲ. "ಕೋಳಿ ದೊಡ್ಡಮ್ಮ" ಎಂದೆ. ಅರ್ಧ ಹೇಳಿದಂತಾಗಬಾರದೆಂದು, "ಜುಟ್ಟೂ ಇದೆ" ಎಂದೆ.

ಹೊಸ ಫಾದರ್ ಕೆಟ್ಟವರಲ್ಲ. ಅವರು ಮೆಲ್ಲಗೆ, "ತಪ್ಪು ನಿಮ್ಮದಲ್ಲಮ್ಮ, ಮಾದರಿದು. ಕಾರ್ಖಾನೇಲಿ ಮಿಷನ್ನಿಂದ ಹೊಲಿದುಕೊಡ್ತಾರೆ. ಒಂದು ಫೋಟೋ ಕಳಿಸಿದ್ರೆ ಸಾಕು. ನಿಮಗೂ ವಿಶ್ರಾಂತಿ ಆಗುತ್ತೆ" ಎಂದರು. ದೊಡ್ಡಮ್ಮ ತಲೆಯಾಡಿಸಿದಳು. ವಿಶ್ರಾಂತಿ ಎಂಬ ಮಾತನ್ನು ಅವಳು ಯಾವತ್ತೂ ರೋಗದ ಹೆಸರಿನ ಹಾಗೆ ಹೇಳುತ್ತಾಳೆ.

ಆ ಸಂಜೆ ಅವಳು ಪಾಪನಿವೇದನೆಗೆ ಹೋದಳು. ನಾನು ಜೊತೆಗಿದ್ದೆ. ಪಾಪನಿವೇದನೆಯಲ್ಲಿ ಆಡಿದ ಮಾತನ್ನು ಬರೆಯಬಾರದು ಎಂದು ನನಗೆ ಗೊತ್ತು. ದೊಡ್ಡಮ್ಮನನ್ನು ಕೇಳಿದೆ. "ಇಡೀ ಚಾಪೆಲ್ ಕೇಳಿಸ್ಕೊಂಡಿದ್ದನ್ನ ನೀನು ಬರೆದ್ರೆ ಏನು ಬಂತು?" ಎಂದಳು. ಫಾದರ್ ಕೂತು ಪಾಪ ಕೇಳಿಸಿಕೊಳ್ಳುವ ಮರದ ಪೆಟ್ಟಿಗೆಯೊಳಗೆ ಅಂದು ಇದ್ದವರು ಹಳೇ ಫಾದರ್. ಹೊರಗೆ ಹುಡುಗರ ಸಾಲಿತ್ತು.

"ಪಾರಿವಾಳಾನ ಕೋಳಿ ಮಾಡ್ದೆ ಫಾದರ್."

"ಜೋರಾಗಿ ಹೇಳು ಮಗಳೇ."

"ಪವಿತ್ರಾತ್ಮನ್ನ ಕೋಳಿ ಮಾಡ್ಬಿಟ್ಟೆ ಫಾದರ್! ಜುಟ್ಟಿಟ್ಟೆ! ಬಾಯಿಗೆ ಹುಳ ಕೊಟ್ಟೆ!"

ಹುಡುಗರ ಸಾಲು ನೆಲ ನೋಡುತ್ತ ನಡುಗುತ್ತಿತ್ತು.

"ಓ, ಅದಾ" ಎಂದರು ಹಳೇ ಫಾದರ್, ಕಿವುಡರು ಮಾತಾಡುವಷ್ಟೇ ಜೋರಾಗಿ. "ಅದು ಗೊತ್ತಿರೋದೇ. ಕೋಳೀನೂ ದೇವರೇ ಮಾಡಿದ್ದು. ಪಾಪ ಏನಿಲ್ಲ, ಹೋಗು."

"ಪ್ರಾಯಶ್ಚಿತ್ತ ಕೊಡಿ."

"ಪಾಪ ಇಲ್ಲ ಅಂದ್ಮೇಲೆ ಪ್ರಾಯಶ್ಚಿತ್ತ ಎಲ್ಲಿಂದ ಬರುತ್ತೆ?"

"ಕೊಡದೆ ಎದ್ದು ಹೋಗಲ್ಲ."

ಆಮೇಲೆ ಹಳೇ ಫಾದರ್ ನಿಟ್ಟುಸಿರು ಬಿಟ್ಟರು. "ಆ ಕಲ್ಲಿನ ಹಕ್ಕೀನ ಒಂದು ಸಲ ಹೊಲಿ. ಒಂದೇ ಒಂದು. ಅಷ್ಟೇ."

ಅದೇ ಕಷ್ಟವಾಯಿತು. ಬೇರೆ ಏನಾದರೂ ಕೊಟ್ಟಿದ್ದರೆ ಪ್ರಾರ್ಥನೆ ಹೇಳಿ ಮುಗಿಸುತ್ತಿದ್ದಳು. ಕಲ್ಲಿನ ಹಕ್ಕಿಯನ್ನು ಹೊಲಿಯಬೇಕಾದರೆ ಕಾಗದವನ್ನು ಕಲ್ಲಿನ ಮೇಲೇ ಇಟ್ಟು ಗುರುತು ತೆಗೆಯಬೇಕು. ಅವಳ ಮಂಡಿಗೆ ಏಣಿ ಆಗದು. ನನಗೆ ಎತ್ತರದಲ್ಲಿ ತಲೆ ತಿರುಗುತ್ತದೆ, ಮೂರನೇ ಮೆಟ್ಟಿಲಲ್ಲೇ ಕೆಳಗಿಳಿದೆ. ಯಾರನ್ನಾದರೂ ಬೇಡೋಣವೆಂದರೆ ದೊಡ್ಡಮ್ಮ ಒಪ್ಪಲಿಲ್ಲ. "ಇಷ್ಟು ವರ್ಷ ಅವರೆಲ್ಲ ನನ್ನ ಬೆನ್ನ ಹಿಂದೆ ನಕ್ಕಿದಾರೆ. ಯಾವ ಮುಖ ಇಟ್ಕೊಂಡು ಕೇಳ್ಲಿ?" ಎಂದಳು. ಮರುದಿನ ಹೊಲಿಗೆ ಕೋಣೆಯ ಬೀಗದಕೈಯನ್ನು ಆಫೀಸಿನ ಮೇಜಿನ ಮೇಲಿಟ್ಟು ಮನೆಗೆ ಬಂದಳು. ಮನೆಯಲ್ಲಿ ಕೈ ಸುಮ್ಮನಿರಲಿಲ್ಲ. ನನ್ನ ಗಟ್ಟಿಯಿದ್ದ ಗುಂಡಿಗಳನ್ನೆಲ್ಲ ಕಿತ್ತು ಮತ್ತೆ ಹೊಲಿದಳು. ಊಟ ಸರಿಯಾಗಿ ಮಾಡಲಿಲ್ಲ. ಪ್ರಶ್ನೆ ಕೇಳುವುದನ್ನೂ ನಿಲ್ಲಿಸಿದಳು. ನನಗೆ ಹೆದರಿಕೆಯಾದದ್ದು ಆಗಲೇ.

ಶಾಲೆಯಲ್ಲಿ ಆ ವಾರ ಹುಡುಗರ ಬಟ್ಟೆ ಎಂದಿನಂತೆ ಹರಿಯಿತು. ನಿಯಮದ ಪ್ರಕಾರ ಹರಿದವರು ತರಗತಿಗೆ ಹೋಗುವ ಹಾಗಿಲ್ಲ, ಮನೆಗೂ ಹೋಗುವ ಹಾಗಿಲ್ಲ. ಅವರೆಲ್ಲ ಬೀಗ ಹಾಕಿದ ಬಾಗಿಲ ಮುಂದೆ ಕೂತರು. ಕೂತು ಬೇಸರವಾಗಿ ಆಟವಾಡಿ ಇನ್ನಷ್ಟು ಹರಿದುಕೊಂಡರು. ಡ್ರಿಲ್ ಮೇಷ್ಟ್ರು ಪಿನ್ನು ಚುಚ್ಚಿ ನೋಡಿದರು. ಪಿನ್ನು ಚುಚ್ಚಿದ ಚಡ್ಡಿಯಲ್ಲಿ ಬೆಂಚಿನ ಮೇಲೆ ಕೂರುವುದು ಸುಲಭವಲ್ಲ ಎಂದು ಕೇಳಿದ್ದೇನೆ.

ಆ ಶುಕ್ರವಾರ ಬಿಷಪ್ ಬರುವವರಿದ್ದರು. ಬೆಳಿಗ್ಗೆ ಡ್ರಿಲ್ ಮೇಷ್ಟ್ರು ನಮ್ಮ ಮನೆಗೆ ಓಡಿಬಂದರು. ಏದುಸಿರು ಬಿಡುತ್ತಿದ್ದರು.

"ಗುಂಡಿಯಮ್ಮ, ಬೇಗ ಬನ್ನಿ. ಒಬ್ಬ ಹುಡುಗಂದು ಹರಿದುಹೋಗಿದೆ."

"ದಿನಾ ಹರಿಯುತ್ತೆ. ಕಾರ್ಖಾನೆಗೆ ಕಳ್ಸಿ."

"ಕಳ್ಸೋ ಹಾಗಿಲ್ಲ. ಸ್ವಲ್ಪ ದೊಡ್ಡ ಹುಡುಗ."

"ಎಷ್ಟು ದೊಡ್ಡ ಹುಡುಗ?"

ಡ್ರಿಲ್ ಮೇಷ್ಟ್ರು ಆಚೀಚೆ ನೋಡಿ, "ಪ್ರಿನ್ಸಿಪಾಲು" ಎಂದರು.

ಆದದ್ದು ಇಷ್ಟು. ಕಾರ್ಖಾನೆಗೆ ಕಳಿಸಲು ಕಲ್ಲಿನ ಫೋಟೋ ತೆಗೆಯಬೇಕೆಂದು ಹೊಸ ಫಾದರ್ ತಾವೇ ಏಣಿ ಹತ್ತಿದ್ದರು. ಇಳಿಯುವಾಗ ನಿಲುವಂಗಿ ಗೇಟಿನ ಈಟಿಗೆ ಸಿಕ್ಕಿಕೊಂಡಿತು. ಕೆಳಗಿಂದ ಏಣಿ ಹಿಡಿದಿದ್ದ ಡ್ರಿಲ್ ಮೇಷ್ಟ್ರು "ಜಿಗೀರಿ" ಎಂದರು. ಅವರು ಜಿಗಿದರು. ನಿಲುವಂಗಿಯೂ ಒಳಗಿನ ಪ್ಯಾಂಟೂ ಹಿಂದುಗಡೆ ಸೊಂಟದಿಂದ ಕೆಳಗಿನವರೆಗೆ ಹರಿದುಹೋದವು. ಇನ್ನೊಂದು ನಿಲುವಂಗಿ ಒಗೆಯಲು ಹೋಗಿತ್ತು.

ದೊಡ್ಡಮ್ಮ ಸೂಜಿಡಬ್ಬಿ ತೆಗೆದುಕೊಂಡಳು. ಅವಳ ಮಂಡಿನೋವು ಆ ದಿನ ಎಲ್ಲಿಗೆ ಹೋಗಿತ್ತೋ, ನಾನು ಹಿಂದೆ ಓಡಬೇಕಾಯಿತು.

ಹೊಲಿಗೆ ಕೋಣೆಯಲ್ಲಿ ಹೊಸ ಫಾದರ್ ಕೆಂಪು ಪರದೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಗೊಂಡೆಗಳು ಮೊಣಕಾಲಿನ ಮೇಲೆ ತೂಗುತ್ತಿದ್ದವು. ನಾನು ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತೆ. ಅದು ಸರಿಯೆನಿಸಿತು. ಹಾಗಾಗಿ ಮುಂದಿನದು ಕಿವಿಯಿಂದ ಕೇಳಿದ್ದು, ಕಣ್ಣಿಂದ ನೋಡಿದ್ದಲ್ಲ.

"ಹಿಂದ್ಗಡೆ ಹರಿದಿದೆ" ಎಂದಳು ದೊಡ್ಡಮ್ಮ. "ಯಾವ ಗೋಡೆ?"

"ಗೋಡೆ ಅಲ್ಲಮ್ಮ. ಗೇಟು."

"ಯಾಕೆ ಹತ್ತಿದ್ರಿ?"

"ಫೋಟೋಗೆ."

"ಡ್ರಿಲ್ ಮೇಷ್ಟ್ರಿಗೆ ಹೇಳ್ಬೋದಿತ್ತು. ಒಂದು ಕೋಳೀನ ಓಡಿಸೋಕೆ ಇಷ್ಟು ಆತುರ ಯಾಕೆ? ಪರದೇಲಿ ಕೂತು ಸುಳ್ಳು ಹೇಳಿದ್ರೆ ಹೊಲಿಗೆ ನಿಲ್ಲಲ್ಲ. ಬಿಷಪ್ ಎದುರಿಗೆ ಬಿಚ್ಕೊಂಡ್ರೆ ನನ್ನ ಕೇಳ್ಬೇಡಿ."

ಮಿಷನ್ ಸ್ವಲ್ಪ ಹೊತ್ತು ಓಡಿತು. ಆಮೇಲೆ ಹೊಸ ಫಾದರ್ ದನಿ ತಗ್ಗಿಸಿ ಹೇಳಿದರು:

"ನಾನು ನದಿಯಾಚೆ ಶಾಲೇಲಿ ಓದಿದ್ದು."

ಮಿಷನ್ ನಿಂತಿತು.

"ಫುಟ್ಬಾಲ್ ನೋಡೋಕೆ ಬರ್ತಿದ್ವಿ. ನಿಮ್ಮ ಹುಡುಗರನ್ನ ನೋಡಿ ಕೊಕ್ಕೋ ಅಂತಿದ್ವಿ. ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದೋನು ನಾನೇ. ಈಗ ಇದೇ ಶಾಲೆಗೆ ಪ್ರಿನ್ಸಿಪಾಲ್ ಮಾಡಿದಾರೆ. ನದಿಯಾಚೆಯವರು ಸಂಭ್ರಮಕ್ಕೆ ಬರ್ತಾರೆ, ನನ್ನ ಎದೆ ಮೇಲೆ ಆ ಬ್ಯಾಡ್ಜ್ ನೋಡ್ತಾರೆ. ಅದಕ್ಕೇ..."

"ಎಲ್ಲಿ, ಕೂಗಿ ನೋಡೋಣ" ಎಂದಳು ದೊಡ್ಡಮ್ಮ.

"ಅಮ್ಮಾ..."

"ಇಷ್ಟು ವರ್ಷ ನನ್ನ ಕಿವಿಗೆ ಬೀಳದ ಹಾಗೆ ಕೂಗಿದೀರಿ ಎಲ್ಲರೂ. ನನಗೊಂದು ಸಲ ಕೇಳಿಸ್ಬಾರ್ದಾ?"

ಹೊಸ ಫಾದರ್ ಕೂಗಿದರು. ಮೊದಲು ಸಣ್ಣಗೆ. ದೊಡ್ಡಮ್ಮ "ಉಹುಂ" ಎಂದಳು. ಆಮೇಲೆ ಕೂಗಿದ್ದು ಮೆಟ್ಟಿಲ ಮೇಲಿನವರೆಗೂ ಕೇಳಿಸಿತು. ಹರಿದ ಬಟ್ಟೆಯಲ್ಲಿ ಹೊರಗೆ ಕೂತಿದ್ದ ಹುಡುಗರಿಗೆ ತಡೆದುಕೊಳ್ಳಲಾಗಲಿಲ್ಲ. ಅವರೂ ಕೂಗಿದರು. ಆ ಕಿಟಕಿಯ ಎದುರಿಗೆ ಯಾರಾದರೂ ಕೊಕ್ಕೋ ಎಂದದ್ದು ಅದೇ ಮೊದಲು. ಅಷ್ಟರಲ್ಲಿ ಹಳೇ ಫಾದರ್ ಬಂದು ಬಾಗಿಲಲ್ಲಿ ಇಣುಕಿ, ಪರದೆಯಲ್ಲಿದ್ದ ಪ್ರಿನ್ಸಿಪಾಲರನ್ನು ನೋಡಿ, "ಹೊಸ ಹುಡುಗನಾ? ಯಾವ ತರಗತಿ?" ಎಂದರು.

ದೊಡ್ಡಮ್ಮ ಆಗ ನಕ್ಕಳು. ನಗು ಶುರುವಾದರೆ ಅವಳಿಗೆ ನಿಲ್ಲುವುದಿಲ್ಲ. ನಗುವಿನ ನಡುವೆಯೇ, "ಚೆನ್ನಾಗೇ ಕೂಗ್ತಾರಲ್ಲ" ಎಂದಳು. ಆಮೇಲೆ ಹೊಲಿಗೆ ಗಟ್ಟಿ ಮಾಡಲು ಮಿಷನ್ ಇನ್ನೆರಡು ಸಲ ಓಡಿತು, ಪಟ್ಟನೆ ದಾರ ಕಚ್ಚಿದ್ದು ಕೇಳಿಸಿತು.

"ಏನು ಕೊಡ್ಲಮ್ಮ ಇದಕ್ಕೆ?" ಎಂದರು ಹೊಸ ಫಾದರ್.

"ಇನ್ನೊಂದು ಸಲ ಏಣಿ ಹತ್ತಿ. ಹೇಗೂ ಅಭ್ಯಾಸ ಆಗಿದೆ. ಕಾಗದ ಕಲ್ಲಿನ ಮೇಲಿಟ್ಟು ಹಕ್ಕಿ ಅಂಚು ಗುರುತು ಮಾಡ್ಕೊಂಡು ಬನ್ನಿ. ನನ್ನದೊಂದು ಪ್ರಾಯಶ್ಚಿತ್ತ ಬಾಕಿ ಇದೆ. ನಿಲುವಂಗಿ ಮಾತ್ರ ಮೇಲಕ್ಕೆ ಸಿಕ್ಕಿಸ್ಕೊಳ್ಳಿ."

ಬಿಷಪ್ ಹೋದ ಮೇಲೆ ಅವರು ಹತ್ತಿದರು. ಈ ಸಲ ಏಣಿಯನ್ನು ಹುಡುಗರು ಹಿಡಿದರು. ಡ್ರಿಲ್ ಮೇಷ್ಟ್ರನ್ನು ಹತ್ತಿರ ಬಿಡಲಿಲ್ಲ.

ಆ ಕಾಗದದಿಂದ ದೊಡ್ಡಮ್ಮ ಹೊಲಿದ ಮೊದಲ ಪಾರಿವಾಳ ಚೆನ್ನಾಗಿ ಬಂತು. ರೆಕ್ಕೆ ಬಿಚ್ಚಿದೆ, ಬೆಂಕಿ ತಲೆಗೆ ತಾಗದೆ ಮೇಲೆ ನಿಂತಿದೆ. ಹಳೇ ಫಾದರ್ ಕನ್ನಡಕ ಏರಿಸಿ ನೋಡಿ ಪ್ರಾಯಶ್ಚಿತ್ತ ಆಯಿತು ಎಂದರು. ಹೊಸ ಫಾದರ್ ಅದನ್ನು ತಮ್ಮ ಎದೆಗೆ ಹಿಡಿದು ಕನ್ನಡಿ ನೋಡಿಕೊಂಡರು. ಕಾರ್ಖಾನೆಗೆ ಫೋಟೋ ಹೋಗಲಿಲ್ಲ. ಬೀಗದಕೈ ದೊಡ್ಡಮ್ಮನ ಸೊಂಟಕ್ಕೆ ವಾಪಸ್ ಬಂತು. ಬ್ಯಾಡ್ಜ್ ಕೆಲಸ ಅವಳದೇ, ಆದರೆ ಪ್ರತಿ ಸಲವೂ ಕಲ್ಲಿನ ಕಾಗದದಿಂದಲೇ ತೆಗೆಯಬೇಕು ಎಂದು ತೀರ್ಮಾನವಾಯಿತು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಆದದ್ದನ್ನು ಬರೆಯಬೇಕು. ಎರಡನೆಯ ಪಾರಿವಾಳ ಸ್ವಲ್ಪ ತುಂಬಿಕೊಂಡಿತ್ತು. ಮೂರನೆಯದಕ್ಕೆ ಕತ್ತು ಕಾಣೆಯಾಯಿತು. ಕಾಗದ ಅದೇ, ಚುಕ್ಕಿ ಅದೇ. ಪ್ರಾಯಶ್ಚಿತ್ತದ ಎಚ್ಚರ ಕಳೆದ ಮೇಲೆ ದೊಡ್ಡಮ್ಮನ ಕೈ ಮಾತ್ರ ಚುಕ್ಕಿ ಕಂಡಲ್ಲಿ ಒಂದು ಎಳೆ ಹೊರಗೆ ಹೋಗುತ್ತದೆ. ಇಷ್ಟು ವರ್ಷದ ಕೈ ಅದು.

ಅವಳು ಮೂರನ್ನೂ ಸಾಲಾಗಿ ಮೇಜಿನ ಮೇಲಿಟ್ಟು ನೋಡಿದಳು. ನಾನು ಏನೂ ಹೇಳಲಿಲ್ಲ.

"ಹೇಳೇ. ಸುಮ್ನೆ ಇದ್ದವರಿಂದಾನೇ ಇಷ್ಟೆಲ್ಲ ಆಗಿದ್ದು."

"ಮೂರನೇದು ಮೊಟ್ಟೆ ಇಡೋ ಹಾಗಿದೆ ದೊಡ್ಡಮ್ಮ."

"ನೀನು ಹೊಲಿ ನೋಡೋಣ."

ನಾನು ಹೊಲಿದೆ. ನನ್ನ ಅಕ್ಷರ ವಾಲುತ್ತದೆ, ಆದರೆ ದಾರ ವಾಲುವುದಿಲ್ಲ ಎಂದು ಅಂದು ಗೊತ್ತಾಯಿತು. ನನಗೆ ಗೆರೆ ದಾಟಲು ಮೊದಲಿನಿಂದಲೂ ಭಯ. ಚುಕ್ಕಿಯ ಒಳಗೇ ಹೊಲಿದು, ಕೊನೆಗೆ ಸೀಮೆಸುಣ್ಣ ಒರೆಸಿದೆ. ಪಾರಿವಾಳ ಪಾರಿವಾಳವಾಗಿಯೇ ಉಳಿಯಿತು. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು, "ಇದೂ ಸೊರಗಿದೆ. ನಿನ್ನ ಹಾಗೇ" ಎಂದಳು. ಅದು ಅವಳ ಹೊಗಳಿಕೆ.

ಅದೇ ವಾರ ಫುಟ್ಬಾಲ್ ತಂಡದ ಹುಡುಗರು ಕಿಟಕಿಯ ಹತ್ತಿರ ಬಂದು ನಿಂತರು. ಒಬ್ಬನನ್ನೊಬ್ಬ ಮುಂದಕ್ಕೆ ತಳ್ಳುತ್ತಿದ್ದರು. ಕಡೆಗೆ ನಾಯಕ ಬಾಯಿ ಬಿಟ್ಟ.

"ಗುಂಡಿಯಮ್ಮ, ಕೋಟಿನ ಮೇಲೆ ಪಾರಿವಾಳ ಇರ್ಲಿ, ಬೇಡ ಅನ್ನಲ್ಲ. ಆಟದ ಬನಿಯನ್ ಮೇಲಾದ್ರೂ ಕೋಳಿ ಇರ್ಲಿ. ಮೊನ್ನೆ ಗೋಲು ಹೊಡೆದು ಗುಟುರ್ ಗುಟುರ್ ಅಂದು ನೋಡಿದ್ವಿ. ನಮಗೇ ನಿದ್ದೆ ಬಂತು."

ದೊಡ್ಡಮ್ಮ ಹೊಸ ಫಾದರನ್ನು ಕೇಳಿದಳು. ಅವರು ಬಹಳ ಹೊತ್ತು ಯೋಚಿಸಿ, ಬನಿಯನ್ ವಿಷಯ ಸ್ಥಾಪಕರ ನಿಯಮದಲ್ಲಿ ಎಲ್ಲೂ ಇಲ್ಲ ಎಂದರು.

ಹಾಗಾಗಿ ಈಗ ಕೆಲಸ ಹಂಚಿಕೊಂಡಿದ್ದೇವೆ. ಕೋಳಿ ದೊಡ್ಡಮ್ಮನದು, ಪಾರಿವಾಳ ನನ್ನದು. ನಾಳೆ ಬೆಳಿಗ್ಗೆ ಹೊಲಿಗೆ ಕೋಣೆಗೆ ಹೋಗಿ, ಕಿಟಕಿ ತೆಗೆದು, ಕಲ್ಲಿನ ಕಾಗದ ಹಾಸಿ ಹೊಸ ಹುಡುಗರ ಬ್ಯಾಡ್ಜುಗಳನ್ನು ಶುರು ಮಾಡುತ್ತೇನೆ. ಚುಕ್ಕಿಯ ಒಳಗೇ ಹೊಲಿಯುತ್ತೇನೆ.